ಕೈ ಎತ್ತಿ ತೀರ್ಮಾನಿಸಿದ ಎಣ್ಣೆ

ಮೊಂಡಕ್ಕ ಜಗಳಕ್ಕೆ ನಿಂತರೆ ಮೊದಲು ಕೈ ಒರೆಸಿಕೊಳ್ಳುತ್ತಾಳೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಹಳೆ ಬನಿಯನ್ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ತಿಕ್ಕುತ್ತಾ ಎದುರಿನವರ ಮಾತು ಕೇಳುತ್ತಾಳೆ. ಬೆರಳುಗಳು ಮುಗಿಯುವುದರೊಳಗೆ ನೀವು ಮಾತು ಮುಗಿಸಿ ಜಾಗ ಖಾಲಿ ಮಾಡಿದರೆ ಬಚಾವು. ಇಲ್ಲದಿದ್ದರೆ ನಿಮ್ಮ ಗ್ರಹಚಾರ.

ನಮ್ಮ ಬಸ್ ಸಹಕಾರ ಸಂಘದ ಶೆಡ್ಡಿಗೆ ಅವಳೇ ಮೇಸ್ತ್ರಿ. ಶೆಡ್ಡು ಎಂದರೆ ಹಿಂದೆ ಐಸ್ ಕಾರ್ಖಾನೆಯಾಗಿದ್ದ ಕಟ್ಟಡ. ಮಂಜುಗಡ್ಡೆ ಜಾರಿಸುತ್ತಿದ್ದ ಇಳಿಜಾರು ಕಟ್ಟೆಯ ಮೇಲೆ ಈಗ ಬಿಚ್ಚಿದ ಗೇರ್ ಬಾಕ್ಸುಗಳು ಕೂತಿರುತ್ತವೆ. ಗೋಡೆಯೊಳಗಿನ ತಂಪು ಇನ್ನೂ ಹೋಗಿಲ್ಲ; ಬೇಸಿಗೆಯಲ್ಲಿ ಸ್ವರ್ಗ, ಚಳಿಗಾಲದಲ್ಲಿ ಸ್ಪ್ಯಾನರ್ ಹಿಡಿದರೆ ಕೈಗೆ ಕಚ್ಚುತ್ತದೆ. ಸಂಘದ ಬಸ್ಸುಗಳು ಬೆಳಗಾಗುತ್ತಲೇ ನೂಲಿನ ಗಿರಣಿಯವರನ್ನು ಕೆಲಸಕ್ಕೆ ಮುಟ್ಟಿಸುತ್ತವೆ. ಆಮೇಲೆ ಶಾಲೆ, ಆಸ್ಪತ್ರೆ, ಮಾರುಕಟ್ಟೆ ಅಂತ ತಿರುಗಿ ಸಂಜೆ ಮತ್ತೆ ಗಿರಣಿಯ ಗೇಟಿಗೆ ಹೋಗಿ ನಿಲ್ಲುತ್ತವೆ.

ಇವಳು ಎಂಜಿನ್ ಕಲಿತದ್ದು ತೊಳೆಯುವ ತೊಟ್ಟಿಯಿಂದ. ಹಳೆಯ ಬಸ್ ಕಂಪನಿಯಲ್ಲಿ, ಮೆಕ್ಯಾನಿಕ್ಕುಗಳು ಬಿಚ್ಚಿ ಎಸೆದ ಸಾಮಾನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಇಡುವುದು ಅವಳ ಕೆಲಸ. ‘ಪಾತ್ರೆ ತೊಳೆಯೋಳು’ ಎಂದು ಗಂಡಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಗುತ್ತಲೇ ಕೇಳುತ್ತಿದ್ದಳು: ಇದು ಎಲ್ಲಿಯದು, ಏನು ಮಾಡುತ್ತದೆ, ಇದರ ಮೈಗೆ ಈ ಕೊಳೆ ಎಲ್ಲಿಂದ ಬಂತು. ಡೀಸೆಲ್ ಸುಟ್ಟ ಮಸಿ ಒಣಗಿ ಪುಡಿಯಾಗಿರುತ್ತದೆ, ಎಣ್ಣೆ ಬೆಂದು ಕೂತ ಜಿಡ್ಡು ಅರಗಿನಂತೆ ಅಂಟಿರುತ್ತದೆ, ನೀರು ಸೇರಿದ ಎಣ್ಣೆ ಕೆನೆ ಕಟ್ಟುತ್ತದೆ. ಇದನ್ನು ಅವಳಿಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಕಲಿತ ಮೇಲೆ ಅವಳೇನು ಬಾಯಿ ಮುಚ್ಚಿಕೊಂಡು ಕೂರುವ ಪೈಕಿಯೂ ಅಲ್ಲ. ‘ನನಗ್ ಗೊತ್ತು’ ಎನ್ನುವುದು ಅವಳ ಉಸಿರಿನ ಜೊತೆಗೇ ಬರುವ ಮಾತು. ಎಷ್ಟೋ ಸಲ ಗೊತ್ತಿರುವುದಿಲ್ಲ. ಆಗ ಅವಳ ಸದ್ದು ಇನ್ನೂ ಜೋರು.

ಅವಳ ಬಾವನ ವಿಷಯ ಹೇಳದೆ ಅವಳ ಕತೆ ಮುಂದಕ್ಕೆ ಹೋಗುವುದಿಲ್ಲ. ಅಕ್ಕನ ಗಂಡ, ಅದೇ ಕಂಪನಿಯಲ್ಲಿ ಚಾಲಕ. ನಮ್ಮ ದೊಡ್ಡ ಮುಷ್ಕರದ ಕೊನೆಯ ವಾರ, ಪೊಲೀಸರ ಮಧ್ಯೆ ಗೇಟು ದಾಟಿ ಕಂಪನಿಯ ಬಸ್ಸನ್ನು ಹೊರಗೆ ತಂದವನು ಅವನೇ. ಮೊಂಡಕ್ಕ ಬಸ್ಸಿಗೆ ಅಡ್ಡ ನಿಂತಿದ್ದಳು. ಅವನು ಅವಳನ್ನು ನೋಡಲಿಲ್ಲ, ಮುಂದಿನ ಗಾಜಿನ ವೈಪರ್ ನೋಡುತ್ತಾ ಕೂತಿದ್ದ. ಪೊಲೀಸರು ಅವಳನ್ನು ಎಳೆದು ಬದಿಗೆ ಹಾಕಿದರು, ಬಸ್ಸು ಹೋಯಿತು, ಅದರ ಹಿಂದೆ ಇನ್ನೂ ನಾಲ್ಕಾರು ಹೋದವು, ಮುಷ್ಕರ ಮುರಿಯಿತು. ಅವನಿಗೆ ಕಾರಣ ಇತ್ತು. ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಅದೇ ಆಸ್ಪತ್ರೆಯಲ್ಲಿ ಇನ್ನೂ ಕೆಲವರ ಹೆಂಡಂದಿರು ಮಲಗಿದ್ದರು, ಅವರ ಗಂಡಂದಿರು ಗೇಟಿನ ಮುಂದೆ ನಮ್ಮ ಜೊತೆಗೇ ಕೂತಿದ್ದರು. ಆಮೇಲೆ ಕಂಪನಿ ಬಾಗಿಲು ಹಾಕಿಕೊಂಡಿತು. ಗೇಟು ದಾಟಿದವರನ್ನೂ ದಾಟದವರನ್ನೂ ಒಟ್ಟಿಗೇ ಬೀದಿಗೆ ತಳ್ಳಿತು. ನಾವು ಸಂಘ ಕಟ್ಟಿ ಬೇರೆ ಕಡೆಯಿಂದ ಹಳೆ ಬಸ್ಸುಗಳನ್ನು ಕೊಂಡಾಗ ಅವನೂ ಬಂದು ತಲೆ ತಗ್ಗಿಸಿ ನಿಂತ. ಸೇರಿಸಿಕೊಳ್ಳಬೇಕೋ ಬೇಡವೋ ಎಂದು ಕೈ ಎತ್ತಿಸಿದೆವು. ಕೂದಲೆಳೆಯ ಅಂತರದಲ್ಲಿ ಒಳಗೆ ಬಂದ. ಮೊಂಡಕ್ಕನ ಕೈ ‘ಬೇಡ’ದ ಕಡೆ ಇತ್ತು.

ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಶೆಡ್ಡಿನಲ್ಲಿ ಉಳಿದವರೆಲ್ಲ ಅವಳನ್ನು ಕೆಣಕಲೆಂದೇ ಅವನನ್ನು ‘ಬಾವ’ ಎಂದು ಕರೆಯಲು ಶುರುಮಾಡಿದರು, ಅದೇ ಹೆಸರಾಗಿ ಉಳಿಯಿತು. ಊರಿಗೆಲ್ಲ ಬಾವನಾದವನು ನಿಜವಾದ ನಾದಿನಿಯ ಬಾಯಲ್ಲಿ ಮಾತ್ರ ‘ಆ ಮನುಷ್ಯ’. ಅಕ್ಕನ ಮನೆಗೆ ಅವಳು ಹೋಗುವುದು ಬಿಟ್ಟಿರಲಿಲ್ಲ. ಊಟಕ್ಕೆ ಮೂವರೂ ಒಂದೇ ಅಡುಗೆಮನೆಯಲ್ಲಿ ಕೂರುತ್ತಿದ್ದರು. ಉಪ್ಪು ಈಚೆ ಕೊಡಲು ಹೇಳಕ್ಕ ಎಂದು ಇವಳು, ಅದು ಅವಳ ಮೊಣಕೈ ಹತ್ತಿರವೇ ಇದೆ ಅಂತ ನಿನ್ನ ತಂಗಿಗೆ ಹೇಳೇ ಎಂದು ಅವನು.

‘ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ತಂತಿನಾ?’ ಎಂದು ಅಕ್ಕ ಒಂದು ದಿನ ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು ಹೊರಗೆ ಹೋಗಿ ಕೂತಳಂತೆ. ಇಬ್ಬರೂ ಸಪ್ಪೆ ಊಟ ಮಾಡಿ ಎದ್ದರು. ಸೋತದ್ದು ಅಕ್ಕನೇ.

ಇನ್ನು ಎಣ್ಣೆಯ ವಿಷಯ. ಯಜಮಾನನ ಕೈ ಕೆಳಗೆ ನರಳಿದವರು ನಾವಾದ್ದರಿಂದ ಸಂಘದಲ್ಲಿ ಕೈ ಎತ್ತದೆ ಒಂದು ಕಡ್ಡಿಯೂ ಆಚೀಚೆ ಆಗುವುದಿಲ್ಲ. ಕಕ್ಕಸಿನ ಬಾಗಿಲಿಗೆ ಯಾವ ಬಣ್ಣ ಬಳಿಯಬೇಕು ಎನ್ನುವುದಕ್ಕೂ ಕೈ ಎತ್ತಿದ್ದೇವೆ, ಹಸಿರು ಗೆದ್ದಿತು. ಹೀಗೇ ಒಂದು ಭಾನುವಾರದ ಸಭೆಯಲ್ಲಿ ಖರ್ಚು ತಗ್ಗಿಸುವ ಮಾತು ಬಂತು. ಮೊಂಡಕ್ಕ ಎದ್ದು, ಎಂಜಿನ್ ಎಣ್ಣೆಯನ್ನು ಇಷ್ಟು ಬೇಗ ಬೇಗ ಬದಲಿಸುವುದು ದಂಡ ಎಂದಳು. ಕಂಪನಿಯ ಬಸ್ಸುಗಳಲ್ಲಿ ಇದರ ಎರಡು ಪಟ್ಟು ಓಡಿಸಿದರೂ ಎಂಜಿನ್ನು ಕೆಮ್ಮಿದ್ದಿಲ್ಲ, ನಾನೇ ತೊಳೆದು ಕಣ್ಣಾರೆ ಕಂಡಿದ್ದೇನೆ, ಕಮ್ಮಿಯಾದಷ್ಟು ಮೇಲೆ ಸುರಿಯುತ್ತಾ ಹೋದರೆ ಸಾಕು ಎಂದಳು. ‘ನನಗ್ ಗೊತ್ತು’ ಎಂದೂ ಸೇರಿಸಿದಳು. ನಮ್ಮ ಕಾರ್ಯದರ್ಶಿ ಹಿಂದೆ ಕಂಡಕ್ಟರ್ ಆಗಿದ್ದವನು, ಒಂದು ಬೋಲ್ಟು ಬಿದ್ದರೂ ಬಗ್ಗಿ ಎತ್ತಿಡುವ ಮನುಷ್ಯ. ಅವನಿಗೆ ಬಹಳ ಹಿಡಿಸಿತು. ಎಲ್ಲ ಕೈಗಳೂ ಎದ್ದವು. ಮೊದಲು ಎದ್ದದ್ದು ಬಾವನ ಕೈ. ಸಂಘದಲ್ಲಿ ಯಾವ ಮಾತಿಗೂ ಅವನ ಕೈಯೇ ಮೊದಲು ಏಳುತ್ತಿತ್ತು, ನಾನೂ ನಿಮ್ಮವನೇ ಎಂದು ತೋರಿಸಿಕೊಳ್ಳಲು.

ಮೊದಮೊದಲು ಏನೂ ಆಗಲಿಲ್ಲ. ಚಳಿ ಬಿದ್ದ ಮೇಲೆ ಬಾವನ ಬಸ್ಸು ಬೆಳಿಗ್ಗೆ ಎದ್ದೇಳಲು ತಕರಾರು ತೆಗೆಯಿತು. ಸ್ಟಾರ್ಟ್ ಆದರೂ ಒಂದು ಕಾಲು ಕುಂಟುವ ಕುದುರೆಯಂತೆ ಎಗರುತ್ತಿತ್ತು, ಹಿಂದಿನಿಂದ ಬಿಳಿ ಹೊಗೆ. ಬಿಸಿಯೇರಿದರೆ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಓಡುತ್ತಿತ್ತು. ಮೊದಲ ಟ್ರಿಪ್ಪು ಅವನದೇ ಆದ್ದರಿಂದ ಬಿಸಿ ಮಾಡಿಕೊಂಡು ಕೂರಲು ಪುರುಸೊತ್ತಿಲ್ಲ. ಒಂದು ದಿನ ಗಿರಣಿಯ ರಸ್ತೆಯಲ್ಲಿ ಬಸ್ಸು ನಿಂತೇ ಹೋಗಿ, ಪಾಳಿಗೆ ಹೊರಟ ಜನ ಇಳಿದು ತಳ್ಳಬೇಕಾಯಿತು. ಅವತ್ತಿನಿಂದ ಹೆದರಿದ ಅವನು ಒಮ್ಮೆ ಸ್ಟಾರ್ಟ್ ಆದ ಎಂಜಿನ್ನನ್ನು ಆರಿಸುವುದನ್ನೇ ಬಿಟ್ಟ. ಗಿರಣಿಯ ಗೇಟಿನಲ್ಲಿ ಕಾಯುವಾಗಲೂ ಬುರುಬುರು ಎನ್ನುತ್ತಲೇ ಇರುತ್ತಿತ್ತು. ಡೀಸೆಲ್ ಕುಡಿತ ಏರಿತು.

ಮೊಂಡಕ್ಕ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಎರಡನ್ನು ಬದಲಿಸಿದಳು. ಸ್ವಲ್ಪ ಕಾಲ ನೆಟ್ಟಗಿದ್ದು ಮತ್ತೆ ಅದೇ ಕುಂಟು. ಆಗ ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಬಿಳಿ ಹೊಗೆ ಬರುತ್ತದೆ, ಇಂಜೆಕ್ಟರು ಕೆಡುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ ಎಂದರೆ ಇನ್ನೇನು? ಡೀಸೆಲ್ ತೆಗೆದು ಮಾರಿಕೊಂಡು, ಆ ಜಾಗಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದಾನೆ. ಗೇಟು ದಾಟಿದವನು ಏನನ್ನು ತಾನೇ ದಾಟುವುದಿಲ್ಲ? ಯಾರೂ ನೋಡಿರಲಿಲ್ಲ. ಆದರೆ ನಂಬಲು ಎಲ್ಲರೂ ತಯಾರಾಗಿ ಕೂತಿದ್ದರು, ಮೊಂಡಕ್ಕನೂ ಸೇರಿ. ಮುಂದಿನ ಭಾನುವಾರದ ಸಭೆಯಲ್ಲಿ ಅವನನ್ನು ಸಂಘದಿಂದ ತೆಗೆಯುವ ವಿಷಯ ಇಟ್ಟುಕೊಳ್ಳುವುದಾಗಿ ಕಾರ್ಯದರ್ಶಿ ಹೇಳಿದ. ತೆಗೆದರೆ ಬಸ್ಸು ಹೋಯಿತು, ಅನ್ನ ಹೋಯಿತು. ಕಳ್ಳ ಎಂದು ಹೊರಗೆ ಬಿದ್ದ ಚಾಲಕನ ಕೈಗೆ ಈ ಊರಿನಲ್ಲಿ ಇನ್ನಾರೂ ಸ್ಟೇರಿಂಗ್ ಕೊಡುವುದಿಲ್ಲ.

ಅಕ್ಕ ಶೆಡ್ಡಿಗೆ ಬಂದಳು. ಅಳಲಿಲ್ಲ, ಕೂರಲೂ ಇಲ್ಲ.

‘ಅವರು ಕದ್ದಿದ್ರೆ ನೀನೇ ಹೇಳು, ಬಸ್ಸಿನ ಕೀಲಿ ನಾನೇ ತಂದು ಇಡ್ತೀನಿ. ಕದ್ದಿಲ್ಲ ಅಂದ್ರೆ ಅದನ್ನೂ ನೀನೇ ಹೇಳ್ಬೇಕು ಕಣೇ. ಬೇರೆ ಯಾರು ಹೇಳಿದ್ರೂ ಜನ ನಂಬಲ್ಲ. ನಿನಗೆ ಅವರನ್ನ ಕಂಡರಾಗಲ್ಲ ಅಂತ ಊರಿಗೇ ಗೊತ್ತು.’

ಮೊಂಡಕ್ಕ ಬೆರಳು ಒರೆಸುತ್ತಾ ನಿಂತಿದ್ದಳಂತೆ. ಹತ್ತೂ ಬೆರಳು ಮುಗಿದ ಮೇಲೆ ಮತ್ತೆ ಮೊದಲ ಬೆರಳಿನಿಂದ ಶುರುಮಾಡಿದಳಂತೆ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಶೆಡ್ಡಿಗೆ ಹೋದಳು. ಮೇಸ್ತ್ರಿ ಬರುವುದು ಬಸ್ಸುಗಳೆಲ್ಲ ಮೊದಲ ಟ್ರಿಪ್ಪಿಗೆ ಹೊರಟ ಮೇಲೆ, ಅದು ವಾಡಿಕೆ. ಅವಳನ್ನು ಕೇಳಿದರೆ ಈಗಲೂ ನೇರವಾಗಿ ಹೇಳುತ್ತಾಳೆ: ಬಾವನನ್ನು ಉಳಿಸಲು ಅಲ್ಲ, ಡೀಸೆಲ್ ಕದಿಯುವಾಗ ಡಬ್ಬಿ ಕೊಳವೆ ಸಮೇತ ಹಿಡಿಯಲೆಂದೇ ಹೋದದ್ದು. ಬಾಗಿಲ ಹತ್ತಿರ ಹೋದರೆ ಒಳಗೆಲ್ಲ ಬಿಳಿ ಹೊಗೆ. ಒಂದು ಬಸ್ಸಿನದಲ್ಲ. ಸಾಲಾಗಿ ನಿಂತ ಎಲ್ಲ ಬಸ್ಸುಗಳೂ ಗೂರಲು ಹಿಡಿದ ಮುದುಕರಂತೆ ಕೆಮ್ಮುತ್ತಿವೆ. ಒಬ್ಬ ಚಾಲಕ ಎಂಜಿನ್ನಿನ ತಳಕ್ಕೆ ಬಿಸಿನೀರು ಎರೆಯುತ್ತಿದ್ದಾನೆ. ಡುಮ್ಮ ಎಂದು ಎಲ್ಲರೂ ಕರೆಯುವ ದಪ್ಪ ಚಾಲಕ ಮನೆಯಿಂದ ಕಂಬಳಿ ತಂದು, ಬಾಣಂತಿಗೆ ಹೊದಿಸಿದ ಹಾಗೆ ಎಂಜಿನ್ನಿಗೆ ಸುತ್ತಲೂ ಒತ್ತಿ ಹೊದಿಸಿದ್ದಾನೆ. ಮೊದಲ ಟ್ರಿಪ್ಪಿನ ಬಾವ ಆಗಲೇ ಹೊರಟುಹೋಗಿದ್ದ.

‘ಏನೋ ಇದು?’

‘ಚಳಿ ಅಕ್ಕಾ’ ಎಂದ ಡುಮ್ಮ.

‘ನಿನಗೋ, ಬಸ್ಸಿಗೋ?’

ಡುಮ್ಮ ಕಂಬಳಿಯ ಅಂಚು ಸರಿಮಾಡಿದ. ‘ಬಾವನ್ನ ಹಿಡ್ಕೊಂಡ್ರಲ್ಲಾ, ಆಮೇಲೆ ಯಾರು ಬಾಯಿ ಬಿಡ್ತಾರೆ? ನನ್ನ ಬಸ್ಸೂ ಕೆಮ್ಮುತ್ತೆ ಅಂದ್ರೆ ನನ್ನನ್ನೂ ಅದೇ ಸಾಲಿಗೆ ಸೇರಿಸ್ತೀರಿ.’

ಹೀಗೆ ಒಬ್ಬೊಬ್ಬನೂ ತನ್ನ ಬಸ್ಸಿಗೆ ಮಾತ್ರ ಈ ರೋಗ ಎಂದುಕೊಂಡು ಶುರುಮಾಡಿ, ಆಮೇಲೆ ಎಲ್ಲರದ್ದೂ ಇದೇ ಪಾಡು ಎಂದು ಗೊತ್ತಾದರೂ ಬಾಯಿಗೆ ಬೀಗ ಹಾಕಿಕೊಂಡು, ಬೇಗ ಬಂದು ಎಂಜಿನ್ ಕಾಯಿಸಿ, ಮೇಸ್ತ್ರಿ ಬರುವ ಮುಂಚೆ ಹೊರಟುಬಿಡುತ್ತಿದ್ದರು. ಪೊಲೀಸರ ಲಾಠಿಗೆ ಬೆನ್ನು ಕೊಟ್ಟವರು, ಜೈಲಿನಲ್ಲಿ ಹಾಡು ಕಟ್ಟಿದವರು. ತಮ್ಮದೇ ಸಭೆಗೆ ಹೆದರಿ ಕಂಬಳಿ ಹೊದಿಸುತ್ತಿದ್ದರು.

ಮೊಂಡಕ್ಕ ಡುಮ್ಮನನ್ನು ಬಯ್ಯಲಿಲ್ಲ. ಕಂಬಳಿ ಎಳೆದು ಅವನ ಹೆಗಲಿಗೇ ಹಾಕಿ, ಈ ಬಸ್ಸು ಇವತ್ತು ಹೋಗುವುದಿಲ್ಲ ಎಂದಳು. ಎಂಜಿನ್ ಆರಿಸಿ ಇಂಜೆಕ್ಟರು ಬಿಚ್ಚಿದಳು. ಬಾವನ ಬಸ್ಸಿನಿಂದ ತೆಗೆದಿಟ್ಟಿದ್ದ ಹಳೆಯದನ್ನೂ ಪಕ್ಕದಲ್ಲಿಟ್ಟು, ಕಿಟಕಿಯ ಬೆಳಕಿಗೆ ಬೆಂಚು ಎಳೆದುಕೊಂಡು ಕೂತಳು. ಇಷ್ಟು ದಿನ ಕೆಟ್ಟಿತು ಎಂದು ಬದಲಿಸಿ ಬದಿಗೆ ಎಸೆದಿದ್ದಳೇ ಹೊರತು ಒಳಗೆ ಬಿಚ್ಚಿ ನೋಡಿರಲಿಲ್ಲ. ಈಗ ಮೇಸ್ತ್ರಿಗಿರಿ ಪಕ್ಕಕ್ಕಿಟ್ಟು ಮತ್ತೆ ಪಾತ್ರೆ ತೊಳೆಯುವವಳಾದಳು.

ಡೀಸೆಲ್ ಚಿಮ್ಮುವ ಮೂತಿ ಎರಡರಲ್ಲೂ ಚೊಕ್ಕಟ. ಡೀಸೆಲ್ ಕಲಬೆರಕೆಯಾಗಿದ್ದರೆ ಮೊದಲು ಕೆಡಬೇಕಾದದ್ದು ಅದು. ಕೊಳೆ ಇದ್ದದ್ದು ಮೇಲೆ, ತಲೆಯ ಭಾಗದಲ್ಲಿ, ಡೀಸೆಲ್ ಎಂದೂ ಹೋಗದ ಜಾಗದಲ್ಲಿ. ಈ ಬಸ್ಸುಗಳ ಎಂಜಿನ್ನಿನ ಕುಲವೇ ಬೇರೆ. ಹಳೆಯ ಕಂಪನಿಯ ಎಂಜಿನ್ನುಗಳಲ್ಲಿ ಎಣ್ಣೆಗೆ ಇದ್ದದ್ದು ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಕಾಯುವ ಕೆಲಸ. ಇವುಗಳಲ್ಲಿ ಇಂಜೆಕ್ಟರಿನೊಳಗೆ ಡೀಸೆಲ್ಲನ್ನು ಹಿಂದಿನಿಂದ ದಬ್ಬಿ ಚಿಮ್ಮಿಸುವುದೂ ಅದೇ ಎಂಜಿನ್ ಎಣ್ಣೆ. ಒಂದು ಪಂಪು ಎಣ್ಣೆಯನ್ನು ಭಾರಿ ಒತ್ತಡಕ್ಕೆ ಏರಿಸುತ್ತದೆ. ಇಂಜೆಕ್ಟರಿನ ತಲೆಯಲ್ಲಿ ಬೆರಳ ಗೆಣ್ಣಿನಷ್ಟು ಉದ್ದದ ಉಕ್ಕಿನ ತುಂಡೊಂದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅತ್ತಿತ್ತ ಸರಿದು, ಆ ಎಣ್ಣೆಗೆ ದಾರಿ ಬಿಡುತ್ತದೆ, ಮುಚ್ಚುತ್ತದೆ. ಎಣ್ಣೆ ಹಳತಾಗಿ ಬೆಂದು ಸತ್ವ ಕಳೆದುಕೊಂಡರೆ ಆ ತುಂಡಿನ ಮೈಗೆ ತೆಳ್ಳನೆ ಕಂದು ಜಿಡ್ಡು ಮೆತ್ತಿಕೊಳ್ಳುತ್ತದೆ. ಚಳಿಗೆ ಅದು ಅಂಟಾಗಿ ತುಂಡು ಸರಿಯುವುದಿಲ್ಲ. ಬಿಸಿಯೇರಿದರೆ ಜಿಡ್ಡು ಸಡಿಲವಾಗಿ ಸರಿಯುತ್ತದೆ. ಬೆಳಿಗ್ಗೆ ಕುಂಟು, ಮಧ್ಯಾಹ್ನ ಓಟ. ಎಂಜಿನ್ನನ್ನು ಆರಿಸದೆ ಸುಮ್ಮನೆ ಉರಿಸಿದಷ್ಟೂ ಎಣ್ಣೆ ಇನ್ನಷ್ಟು ಹಾಳು. ಬಾವ ಹೆದರಿಕೆಗೆ ಮಾಡಿಕೊಂಡ ಮದ್ದೇ ಅವನ ಬಸ್ಸಿನ ರೋಗವನ್ನು ಎಲ್ಲಕ್ಕಿಂತ ಹೆಚ್ಚು ಬಲಿಸಿತ್ತು.

ಈ ಎಂಜಿನ್ನು ಹೀಗೆ ಎಂದು ಮೊಂಡಕ್ಕನಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸಭೆಯಲ್ಲಿ ಎದ್ದು ಮಾತಾಡಿದ್ದು ಹಳೆಯ ತೊಟ್ಟಿಯಲ್ಲಿ ತೊಳೆದ ಸಾಮಾನನ್ನು ನೆನೆದು. ಅವಳು ಆ ತುಂಡನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ಕೂತಿದ್ದಳು ಎಂದು ಡುಮ್ಮ ಹೇಳುತ್ತಾನೆ. ಬಾವ ಕಳ್ಳನಲ್ಲ ಎನ್ನಬೇಕಾದರೆ, ಬಸ್ಸುಗಳನ್ನೆಲ್ಲ ಕೆಡಿಸಿದ್ದು ತನ್ನ ಮಾತು ಎನ್ನಬೇಕು. ಬಾಯಿ ಮುಚ್ಚಿಕೊಂಡರೆ ಎರಡೂ ಮುಚ್ಚಿಹೋಗುತ್ತಿತ್ತು. ಗುಟ್ಟಾಗಿ ಎಣ್ಣೆ ಬದಲಿಸಿದರೆ ಬಸ್ಸುಗಳು ಹೇಗೋ ಸುಧಾರಿಸಿಕೊಳ್ಳುತ್ತಿದ್ದವು, ಗೇಟು ದಾಟಿದವನು ಬೀದಿಗೆ ಬೀಳುತ್ತಿದ್ದ, ಅವಳ ಮೇಸ್ತ್ರಿಗಿರಿಗೆ ಕುಂದು ಬರುತ್ತಿರಲಿಲ್ಲ. ಅವನನ್ನು ಕಂಡರಾಗದವಳು ಅವಳು ಬೇರೆ.

ಭಾನುವಾರ ಐಸ್ ಕಟ್ಟೆಯ ಮುಂದೆ ಎಲ್ಲರೂ ಸೇರಿದೆವು. ಬಾವ ಹಿಂದಿನ ಸಾಲಿನಲ್ಲಿ, ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದ. ಕಾರ್ಯದರ್ಶಿ ವಿಷಯ ಎತ್ತುವ ಮುಂಚೆಯೇ ಮೊಂಡಕ್ಕ ಎದ್ದು ಇಂಜೆಕ್ಟರಿನ ತಲೆಯ ಭಾಗವನ್ನು ಕಾರ್ಯದರ್ಶಿಯ ಕೈಗಿತ್ತು, ಓರೆ ಮಾಡು ಎಂದಳು. ಮಾಡಿದ. ಒಳಗಿನ ತುಂಡು ಅಲುಗಲಿಲ್ಲ. ಅದನ್ನು ಕಿತ್ತುಕೊಂಡು ಅವನ ಮುಂದೆ ಹಬೆಯಾಡುತ್ತಿದ್ದ ಚಹಾದ ಲೋಟಕ್ಕೇ ಅದ್ದಿ ಸ್ವಲ್ಪ ಹೊತ್ತು ಬಿಟ್ಟು, ಈಗ ಮಾಡು ಎಂದಳು. ತುಂಡು ಸಲೀಸಾಗಿ ಈ ತುದಿಯಿಂದ ಆ ತುದಿಗೆ ಜಾರಿತು. ಕಾರ್ಯದರ್ಶಿ ಚಹಾವನ್ನೂ ಅವಳನ್ನೂ ನೋಡಿದ. ಅವಳು ಮೂತಿಯ ಚೊಕ್ಕಟ ತೋರಿಸಿದಳು, ತಲೆಯ ಜಿಡ್ಡು ತೋರಿಸಿದಳು, ಡುಮ್ಮನನ್ನು ಎಬ್ಬಿಸಿ ಕಂಬಳಿಯ ಕತೆ ಹೇಳಿಸಿದಳು. ಒಬ್ಬರ ಹಿಂದೆ ಒಬ್ಬರು ಎದ್ದು ತಮ್ಮ ಬಸ್ಸೂ ಕೆಮ್ಮುತ್ತದೆ ಎಂದು ಒಪ್ಪಿಕೊಂಡರು.

ಕಾರ್ಯದರ್ಶಿಗೆ ಇನ್ನೂ ಅನುಮಾನ. ಅಕ್ಕನ ಮುಖ ನೋಡಿ ಹೇಳುತ್ತಿದ್ದೀಯಾ ಎಂದು ಕೇಳಿಯೇಬಿಟ್ಟ. ಮೊಂಡಕ್ಕ ಬನಿಯನ್ ಬಟ್ಟೆ ತೆಗೆದಳು. ಬೆರಳು ಒರೆಸಿಕೊಳ್ಳತೊಡಗಿದಳು.

‘ಆ ಮನುಷ್ಯ ಮುಷ್ಕರ ಮುರಿದದ್ದು ನಿಜ. ಅದನ್ನ ನಾನು ಸಾಯೋ ತನಕ ಮರೆಯಲ್ಲ, ಮರೀಬೇಕು ಅಂತ ಯಾರೂ ನನಗೆ ಹೇಳಲೂ ಬೇಡಿ. ಡೀಸೆಲ್ ಕದ್ದಿಲ್ಲ ಅನ್ನೋದೂ ಅಷ್ಟೇ ನಿಜ. ಆ ಸಿಟ್ಟನ್ನ ಇಲ್ಲಿ ತಂದು ತೀರಿಸ್ಕೋಬೇಡಿ. ಎಣ್ಣೆ ಬದಲಿಸೋದು ಬೇಡ ಅಂದೋಳು ನಾನು. ಕೆಡಿಸಿದ್ದು ನಾನು. ತೆಗೆಯೋದಾದ್ರೆ ನನ್ನ ಹೆಸರು ಎತ್ತಿ.’

ಕಾರ್ಯದರ್ಶಿ ಆ ಚಹಾವನ್ನು ಚೆಲ್ಲಿ ಬಂದು ಕೂತ. ನಿನ್ನ ಮಾತಿಗೆ ಸೈ ಅಂದು ಕೈ ಎತ್ತಿಸಿದವನು ನಾನೇ, ಹಾಗಾದರೆ ನಾನೂ ಗಂಟುಮೂಟೆ ಕಟ್ಟಬೇಕಾಗುತ್ತದೆ ಎಂದ. ಯಾರೋ ನಕ್ಕರು. ಬಾವ ಸಂಘದಲ್ಲಿ ಉಳಿಯಲಿ ಎನ್ನುವವರು ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಎದ್ದವು. ಮೊಂಡಕ್ಕನ ಕೈಯೂ ಎದ್ದಿತು, ಬಟ್ಟೆ ಸಮೇತ. ಯಾವಾಗಲೂ ಮೊದಲು ಏಳುತ್ತಿದ್ದ ಬಾವನ ಕೈ ಮಾತ್ರ ಅವತ್ತು ಕೀಲಿ ಬಿಗಿಹಿಡಿದು ತೊಡೆಯ ಮೇಲೇ ಇತ್ತು.

ಎಣ್ಣೆ ಯಾವಾಗ ಬದಲಿಸಬೇಕು ಎನ್ನುವುದಕ್ಕೆ ಇನ್ನು ಮುಂದೆ ಕೈ ಎತ್ತುವಂತಿಲ್ಲ ಎಂದು, ಅದಕ್ಕೂ ಒಮ್ಮೆ ಕೈ ಎತ್ತಿ, ತೀರ್ಮಾನಿಸಿ ಎದ್ದೆವು.

ಆಮೇಲಿನ ದುಡಿತ ಸಣ್ಣದಲ್ಲ. ಬಸ್ಸುಗಳನ್ನು ಒಂದೊಂದಾಗಿ ನಿಲ್ಲಿಸಿ, ಟಾರಿನಂತಾಗಿದ್ದ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ, ಪ್ರತಿ ಇಂಜೆಕ್ಟರಿನ ತಲೆ ಬಿಚ್ಚಿ ತೊಳೆಯಬೇಕು. ಗೀರು ಬಿದ್ದರೆ ಆ ತುಂಡು ಗುಜರಿಗೆ. ಮೊಂಡಕ್ಕ ಬೇರೆ ಯಾರ ಕೈಗೂ ಕೊಡಲಿಲ್ಲ. ಟ್ರಿಪ್ಪು ಮುಗಿಸಿದ ಬಾವ ಬಂದು ತೊಟ್ಟಿಯ ಇನ್ನೊಂದು ಬದಿಗೆ ಕೂತು, ಅವಳು ತೊಳೆದಿಟ್ಟದ್ದನ್ನು ಒರೆಸತೊಡಗಿದ. ಅವಳು ಬೇಡ ಎನ್ನಲಿಲ್ಲ. ಒರೆಸಿದ್ದು ಸರಿಯಿಲ್ಲದಿದ್ದರೆ ಮಾತಿಲ್ಲದೆ ಅವನ ಕಡೆಗೇ ಮತ್ತೆ ತಳ್ಳುತ್ತಿದ್ದಳು. ಅವನು ಮತ್ತೆ ಒರೆಸುತ್ತಿದ್ದ. ನಾಲಗೆ ಹೊರಳದೆ ಕೆಲಸ ಸಾಗುವುದನ್ನು ನೋಡಲು ಡುಮ್ಮ ಚಹಾ ಹಿಡಿದು ಬಂದು ಕೂರುತ್ತಿದ್ದ. ಇದಕ್ಕೆ ಟಿಕೆಟ್ ಇಟ್ಟರೆ ಸಂಘ ಉದ್ಧಾರವಾಗುತ್ತದೆ ಎನ್ನುತ್ತಿದ್ದ.

ಬಾವನ ಬಸ್ಸಿನ ಸರದಿ ಮುಗಿದ ಮಾರನೆಯ ಬೆಳಿಗ್ಗೆ ಚಳಿ ಚೆನ್ನಾಗಿಯೇ ಇತ್ತು. ಅವನು ಹತ್ತಿ ಕೂತ. ಮೊಂಡಕ್ಕ ಎಂಜಿನ್ನಿನ ಮುಚ್ಚಳ ಎತ್ತಿ ಹಿಡಿದು ನಿಂತಿದ್ದಳು. ಅಕ್ಕ ಅಲ್ಲಿರಲಿಲ್ಲ. ಮುಚ್ಚಳದೊಳಗೆ ಕೈ ಹಾಕಿ ನಿಂತವರನ್ನು ಕೇಳದೆ ಯಾವ ಚಾಲಕನೂ ಕೀಲಿ ತಿರುಗಿಸುವಂತಿಲ್ಲ, ಅದು ಶೆಡ್ಡಿನ ಕಾನೂನು. ಅವನು ಅವಳ ಕಡೆ ತಿರುಗಿದ.

‘ಹಾಕ್ಲಾ?’

‘ಹಾಕಿ.’

ಬಾವ ಎಂದು ಸೇರಿಸಲಿಲ್ಲ. ಇವತ್ತಿಗೂ ಸೇರಿಸಿಲ್ಲ, ಅಡುಗೆಮನೆಯಲ್ಲಿ ಉಪ್ಪು ಇನ್ನೂ ಅಕ್ಕನ ಮೂಲಕವೇ ಹೋಗುತ್ತದೆ. ಬಸ್ಸು ಒಂದೇ ತಿರುವಿಗೆ ಎದ್ದಿತು, ಕೆಮ್ಮಲಿಲ್ಲ. ಅವಳು ಮುಚ್ಚಳ ಇಳಿಸಿ ಅಂಗೈಯಿಂದ ಒಮ್ಮೆ ತಟ್ಟಿ ಬದಿಗೆ ಸರಿದಳು.

ಅವತ್ತು ಆ ಬಸ್ಸಿನಲ್ಲಿ ನಾನೂ ಹೋದೆ. ಗಿರಣಿಯ ಗೇಟಿನ ಮುಂದೆ ನಿಲ್ಲಿಸಿ ಬಾವ ಕೀಲಿಯ ಮೇಲೆ ಕೈ ಇಟ್ಟ. ತೆಗೆದ. ಮತ್ತೆ ಇಟ್ಟು, ತಿರುಗಿಸಿ, ಎಂಜಿನ್ ಆರಿಸಿದ. ಇಳಿಯುತ್ತಿದ್ದವರು ಸದ್ದು ನಿಂತದ್ದಕ್ಕೆ ಒಮ್ಮೆ ತಿರುಗಿ ನೋಡಿದರು, ತಳ್ಳಬೇಕೇನೋ ಎಂದು.